ಹಳಿ ನಮ್ಮೂರಿನದು, ದಾರಿ ಯಾರದು?

ಬೆಳಿಗ್ಗೆ ಆರೂವರೆಗೆಲ್ಲ ಬೆಟಗೇರಿಯ ನಮ್ಮ ಓಣಿಯಲ್ಲಿ ಮಗ್ಗದ ಸದ್ದು ಶುರುವಾಗಿರುತ್ತದೆ. ಅವ್ವ ಕಟ್ಟಿಕೊಟ್ಟ ಬುತ್ತಿ ಬ್ಯಾಗಿಗೆ ಹಾಕಿಕೊಂಡು ನಾನು ಗದಗ ಜಂಕ್ಷನ್‌ಗೆ ಓಡುತ್ತೇನೆ. ಹುಬ್ಬಳ್ಳಿಯಲ್ಲಿ ಬಿ.ಇ. ಸಿವಿಲ್ ಓದುತ್ತಿರುವ ನನ್ನಂಥವರು ನೂರಾರು ಜನ ಆ ರೈಲಿನಲ್ಲಿ. ಸೀಟು ಸಿಕ್ಕರೆ ನೋಟ್ಸು, ಸಿಗದಿದ್ದರೆ ಬಾಗಿಲ ಬಳಿ ಹರಟೆ. ಹುಲಕೋಟಿ, ಅಣ್ಣಿಗೇರಿ, ಹೆಬಸೂರು ದಾಟುವಷ್ಟರಲ್ಲಿ ಎರೆಹೊಲಗಳ ಮೇಲೆ ಬಿಸಿಲು ಏರಿರುತ್ತದೆ.

ಆ ದಾರಿಯಲ್ಲಿ ಪ್ರತಿದಿನ ಎದುರಾಗುವ ಒಬ್ಬ ಅತಿಥಿ ಇದ್ದಾನೆ: ಕಲ್ಲಿದ್ದಲಿನ ಗೂಡ್ಸ್ ಗಾಡಿ. ಮುಗಿಯುವುದೇ ಇಲ್ಲವೇನೋ ಎನ್ನುವಷ್ಟು ಉದ್ದ. ಚಿಕ್ಕವರಿದ್ದಾಗ ನಾವು ಅದರ ಡಬ್ಬಿ ಎಣಿಸುತ್ತಿದ್ದೆವು. ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮಾತ್ರ ಯಾರೂ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಕಳೆದ ವರ್ಷ ಗೋವಾಕ್ಕೆ ಹೋಗಿ ಬರುವವರೆಗೆ.

ಕಟಾಂಜನದ ಮೇಲಿನ ಕಪ್ಪು

ಅಂತರ ಕಾಲೇಜು ಸ್ಪರ್ಧೆಯೊಂದಕ್ಕೆ ನಮ್ಮ ತಂಡ ಗೋವಾಕ್ಕೆ ಹೋಗಿತ್ತು. ಅಲ್ಲಿ ಪರಿಚಯವಾದ ಹುಡುಗಿಯೊಬ್ಬಳು ಭಾನುವಾರ ನಮ್ಮನ್ನು ಮನೆಗೆ ಊಟಕ್ಕೆ ಕರೆದಳು. ದಕ್ಷಿಣ ಗೋವಾದ ಹಳ್ಳಿ, ಹಳೆಯ ಕಾಲದ ಹೆಂಚಿನ ಮನೆ, ಹಿತ್ತಲ ಆಚೆ ರೈಲು ಹಳಿ. ಊಟಕ್ಕೆ ಕೂರುವ ಮುನ್ನ ಅವಳ ತಾಯಿ ಪಡಸಾಲೆಯ ಕಟಾಂಜನವನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಬಟ್ಟೆ ಕಪ್ಪಾಯಿತು. "ಬೆಳಿಗ್ಗೆ ಒರೆಸಿದ್ದೆ, ನೋಡು" ಎಂದರು.

ಗೆಳತಿ ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದಳು: "ಇದು ನಿಮ್ಮ ಕಡೆ ಹೋಗುವ ಮಾಲು."

ಅವಳ ದನಿಯಲ್ಲಿ ಸಿಟ್ಟು ಇರಲಿಲ್ಲ. ಆದರೂ ನನಗೆ ತುತ್ತು ಇಳಿಯಲಿಲ್ಲ. ಯಾಕೆಂದರೆ ನನ್ನ ಮೂರನೇ ಸೆಮಿಸ್ಟರ್ ಫೀ ಕಟ್ಟಿದವರು ನಮ್ಮ ಕಾಕಾ. ಅವರು ತೋರಣಗಲ್ಲು ಕಡೆಯಿಂದ ಉಕ್ಕು ಹೇರುವ ಟ್ರೇಲರ್ ಓಡಿಸುತ್ತಾರೆ. ಮರ್ಮಗೋವಾ ಬಂದರಿನಲ್ಲಿ ಹಡಗಿನಿಂದ ಇಳಿಯುವ ವಿದೇಶಿ ಕಲ್ಲಿದ್ದಲು ಘಟ್ಟ ಹತ್ತಿ, ಲೋಂಡಾ, ಹುಬ್ಬಳ್ಳಿ, ಗದಗ, ಕೊಪ್ಪಳ ದಾಟಿ ಹೊಸಪೇಟೆ ಬಳಿಯ ಕುಲುಮೆಗಳಿಗೆ ಹೋಗುತ್ತದೆ. ಕುಲುಮೆ ಉರಿದರೆ ಕಾಕಾನ ಗಾಡಿಗೆ ಬಾಡಿಗೆ. ಅಂದರೆ ಆ ಒದ್ದೆ ಬಟ್ಟೆಯ ಕಪ್ಪಿಗೂ ನನ್ನ ಫೀ ರಸೀದಿಗೂ ಒಂದು ನಂಟಿತ್ತು.

ಊರಿಗೆ ಬಂದ ಮೇಲೆ ಈ ಹಳಿಯ ಚರಿತ್ರೆ ಹುಡುಕಲು ಕೂತೆ. ಪರೀಕ್ಷೆಗೆ ಓದಬೇಕಾದ ಸಮಯ ಅದರಲ್ಲೇ ಹೋಯಿತು. ಆದರೆ ಸಿಕ್ಕಿದ್ದು ಯಾವ ಪಠ್ಯಪುಸ್ತಕದಲ್ಲೂ ನಾನು ಓದಿರದ ಕಥೆ.

ಬೆಳೆದದ್ದು ಇಲ್ಲಿ, ಹೆಸರು ಕುಮಟಾದ್ದು

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಎರೆಮಣ್ಣಿನಲ್ಲಿ ಬೆಳೆಯುತ್ತಿದ್ದ ನಾಟಿ ಹತ್ತಿಗೆ ಮುಂಬೈ ಪೇಟೆಯಲ್ಲಿ ಇದ್ದ ಹೆಸರು 'ಕುಮಟಾ ಹತ್ತಿ'. ಕುಮಟಾದಲ್ಲಿ ಎರೆಹೊಲ ಎಲ್ಲಿದೆ? ಅಲ್ಲಿ ಹತ್ತಿ ಬೆಳೆಯುತ್ತಿರಲಿಲ್ಲ, ಹಡಗು ಹತ್ತುತ್ತಿತ್ತು. ನಮ್ಮ ಕಡೆಯ ಮೂಟೆಗಳು ಎತ್ತಿನ ಬೆನ್ನ ಮೇಲೆ, ಆಮೇಲೆ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ತಲುಪಿ, ಅಲ್ಲಿಂದ ಪತ್ತೆಮಾರಿಗಳಲ್ಲಿ ಮುಂಬೈಗೆ ಹೋಗುತ್ತಿದ್ದವು. ಕರಾವಳಿಯ ಉಪ್ಪನ್ನು ಬಯಲುಸೀಮೆಗೆ ಹೊತ್ತು ತರುತ್ತಿದ್ದವರು ಲಂಬಾಣಿಗಳು. ಇಂದು ನಮ್ಮ ಗದಗ ಜಿಲ್ಲೆಯಲ್ಲಿ ಕಾಣುವ ತಾಂಡಾಗಳ ಹಿರಿಯರ ಮೂಲ ಕಸುಬು ಅದು. ರಸ್ತೆ ಮತ್ತು ರೈಲು ಬಂದಾಗ ಮೊದಲು ಕೆಲಸ ಕಳೆದುಕೊಂಡವರೂ ಅವರೇ. ದಾರಿ ಬದಲಾದರೆ ಮೊದಲ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದಕ್ಕೆ ಇದು ಒಂದು ಉದಾಹರಣೆ.

1840ರ ದಶಕದಲ್ಲಿ ಬ್ರಿಟಿಷರು ಧಾರವಾಡ ಸೀಮೆಯಲ್ಲಿ ಅಮೆರಿಕದ ಹತ್ತಿ ಬೀಜ ಬಿತ್ತಿಸಿದರು. ಹುಬ್ಬಳ್ಳಿ ಬಳಿಯ ಕುಸುಗಲ್ಲಿನಲ್ಲಿ ಅದಕ್ಕಾಗಿ ಪ್ರಯೋಗದ ಹೊಲ ಮಾಡಿದ್ದರು. ನಾನು ದಿನಾ ಹಾಯುವ ಊರು! ಈ 'ಧಾರವಾಡ-ಅಮೆರಿಕನ್' ಹತ್ತಿ ನಮ್ಮ ಮಣ್ಣಿಗೆ ಒಗ್ಗಿತು. ಮುಂದೆ ಅದರಿಂದಲೇ ಆರಿಸಿ ಬೆಳೆಸಿದ ಒಂದು ತಳಿಗೆ 'ಗದಗ-1' ಎಂದೇ ಹೆಸರಾಯಿತು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದದ್ದೇ ತಡ, ಮ್ಯಾಂಚೆಸ್ಟರ್‌ನ ಗಿರಣಿಗಳಿಗೆ ಹತ್ತಿ ನಿಂತಿತು. ಎಲ್ಲರ ಕಣ್ಣು ಧಾರವಾಡದ ಮೇಲೆ ಬಿತ್ತು. ಇಲ್ಲಿಂದ ಹತ್ತಿ ಬೇಗ ಹಡಗು ಸೇರಬೇಕೆಂದರೆ ಹತ್ತಿರದಲ್ಲಿ ಒಳ್ಳೆಯ ಬಂದರು ಬೇಕು. ಕಾರವಾರದ ಕೊಲ್ಲಿ ಸಹಜವಾಗಿಯೇ ಆಳ, ಮಳೆಗಾಲದಲ್ಲೂ ಹಡಗಿಗೆ ಆಸರೆ. ಆದರೆ ಒಂದು ತೊಡಕಿತ್ತು. ಹತ್ತಿ ಬೆಳೆಯುವ ಧಾರವಾಡ ಮುಂಬೈ ಪ್ರಾಂತ್ಯದಲ್ಲಿ, ಕಾರವಾರ ಮದ್ರಾಸ್ ಪ್ರಾಂತ್ಯದಲ್ಲಿ. ಎಲ್ಲೋ ದೂರದ ಮೂಲೆಯ ಬಂದರಿಗೆ, ಅದೂ ಬೇರೆ ಪ್ರಾಂತ್ಯದ ಹತ್ತಿಗಾಗಿ, ಮದ್ರಾಸು ಯಾಕೆ ದುಡ್ಡು ಸುರಿಯಬೇಕು?

ಮ್ಯಾಂಚೆಸ್ಟರ್‌ನ ವ್ಯಾಪಾರಿಗಳ ಒತ್ತಾಯ ಜೋರಾಯಿತು. 1862ರಲ್ಲಿ ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮದ್ರಾಸಿನಿಂದ ಬಿಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಕಾರವಾರ ಜಿಲ್ಲಾ ಕೇಂದ್ರವಾಯಿತು.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವ ಗೆಳೆಯರೇ, ಒಂದು ಕ್ಷಣ ಇಲ್ಲಿ ನಿಲ್ಲಿ. ಉತ್ತರ ಕನ್ನಡ ಇಂದಿಗೂ ಬೆಳಗಾವಿ ವಿಭಾಗದಲ್ಲಿದೆ, ದಕ್ಷಿಣ ಕನ್ನಡ ಮೈಸೂರು ವಿಭಾಗದಲ್ಲಿದೆ. ಪಕ್ಕಪಕ್ಕದಲ್ಲಿದ್ದು ಒಂದೇ ಹೆಸರು ಹಂಚಿಕೊಂಡ ಎರಡು ಜಿಲ್ಲೆಗಳು ಯಾಕೆ ಹೀಗೆ ಬೇರೆಯಾದವು ಎಂದು ನಾವು ಬಾಯಿಪಾಠ ಮಾಡುವಾಗ ಕೇಳಿಕೊಂಡಿದ್ದೇವೆಯೇ? ಆ ಗೆರೆಯ ಹಿಂದೆ ನಮ್ಮ ಕಡೆಯ ಹತ್ತಿ ಮೂಟೆ ಇದೆ.

ಕಾರವಾರ ಸೋತಿತು, ಮರ್ಮಗೋವಾ ಗೆದ್ದಿತು

ಹಾಗಾದರೆ ಕಾರವಾರ ಎರಡನೇ ಮುಂಬೈ ಆಗಬೇಕಿತ್ತಲ್ಲ? ಆಗಲಿಲ್ಲ. 1865ರಲ್ಲಿ ಅಮೆರಿಕದ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಬಿತ್ತು. ಕಾರವಾರಕ್ಕೆ ಘಟ್ಟದ ರಸ್ತೆ ಬಂತು, ರೈಲಿನ ಮಾತು ಮಾತಾಗಿಯೇ ಉಳಿಯಿತು.

ಅಷ್ಟರಲ್ಲಿ 1876–78ರ ಭೀಕರ ಬರ ಬಂತು. ಬೇರೆಡೆ ಇದ್ದ ಕಾಳು ಇಲ್ಲಿಯ ಹಸಿದವರನ್ನು ತಲುಪಲು ದಾರಿಯೇ ಇರಲಿಲ್ಲ. ಬಯಲುಸೀಮೆಗೆ ರೈಲು ಬೇಕೇ ಬೇಕು ಎಂದು ಸರ್ಕಾರಕ್ಕೆ ಅನ್ನಿಸಿದ್ದು ಆಗ. ಅದೇ ಹೊತ್ತಿಗೆ, 1878ರ ಡಿಸೆಂಬರ್‌ನಲ್ಲಿ, ಬ್ರಿಟನ್ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು. ಗೋವಾದ ಮರ್ಮಗೋವಾ ಬಂದರಿನಿಂದ ಘಟ್ಟದ ಮೇಲಿನ ಗಡಿವರೆಗೆ ರೈಲು. ಅದಕ್ಕೆ ಪ್ರತಿಯಾಗಿ ಗಡಿಯ ಸುಂಕ ಹೋಗಬೇಕು, ಗೋವಾದ ಉಪ್ಪಿನ ಮೇಲೆ ಬ್ರಿಟಿಷರ ಹಿಡಿತ ಬರಬೇಕು. ಉಪ್ಪು ತಯಾರಿಸಿ ಬದುಕುತ್ತಿದ್ದ ಗೋವಾದ ಜನರಿಗೆ ಈ ಒಪ್ಪಂದ ಭಾರಿ ಹೊಡೆತವಾಯಿತು. ದಾರಿಗಾಗಿ ಉಪ್ಪು ಕೊಟ್ಟ ಕಥೆ ಇದು.

1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು. 1880ರ ದಶಕದಲ್ಲೇ ಗದಗಿಗೆ ಮೀಟರ್ ಗೇಜ್ ಹಳಿಗಳು ಬಂದವು. ಒಂದು ಪೂರ್ವಕ್ಕೆ ಹೊಸಪೇಟೆ-ಬಳ್ಳಾರಿ ಕಡೆ, ಒಂದು ಪಶ್ಚಿಮಕ್ಕೆ ಹುಬ್ಬಳ್ಳಿ ಕಡೆ, ಇನ್ನೊಂದು ಉತ್ತರಕ್ಕೆ ವಿಜಯಪುರದ ಮೇಲೆ ಸೊಲ್ಲಾಪುರ ಬಳಿಯ ಹೋಟಗಿಗೆ. 1888ರಲ್ಲಿ ಗೋವಾದ ಭಾಗವೂ ತೆರೆಯಿತು. ಕ್ಯಾಸಲ್‌ರಾಕ್ ಗಡಿ ನಿಲ್ದಾಣವಾಯಿತು. ಹುಬ್ಬಳ್ಳಿಗೆ ಹತ್ತಿರವಿದ್ದ ಕಾರವಾರ ಹಳಿ ಇಲ್ಲದೆ ಹಿಂದೆ ಬಿತ್ತು, ಪರದೇಶದ ಕೈಯಲ್ಲಿದ್ದ ಮರ್ಮಗೋವಾ ಮುಂದೆ ಹೋಯಿತು.

ಪೈಪೋಟಿ ಅಲ್ಲಿಗೂ ನಿಲ್ಲಲಿಲ್ಲ. ಗದಗಿನ ಹತ್ತಿಪೇಟೆಯ ಮುಂದೆ ಈಗ ಎರಡು ದಾರಿ: ಪಶ್ಚಿಮಕ್ಕೆ ಮರ್ಮಗೋವಾ, ಉತ್ತರಕ್ಕೆ ಮುಂಬೈ. ಮರ್ಮಗೋವಾ ಹತ್ತಿರ. ಮುಂಬೈ ದೂರ, ಜೊತೆಗೆ ಹೋಟಗಿಯಲ್ಲಿ ಮೀಟರ್ ಗೇಜ್ ಮುಗಿದು ಬ್ರಾಡ್ ಗೇಜ್ ಶುರುವಾಗುವುದರಿಂದ ಮಾಲನ್ನು ಇಳಿಸಿ ಮತ್ತೆ ಹೇರಬೇಕು. ಇಷ್ಟಾದರೂ ಮುಂಬೈಯಲ್ಲಿ ಕೊಳ್ಳುವವರಿದ್ದರು, ಗಿರಣಿಗಳಿದ್ದವು, ಸಾಲ ಕೊಡುವ ಸಾಹುಕಾರರಿದ್ದರು. ಮರ್ಮಗೋವಾದ ಹಳಿಗೆ ಅಂದುಕೊಂಡಷ್ಟು ಸರಕು ಬರಲಿಲ್ಲ. ಕಂಪನಿಗೆ ಬಡ್ಡಿಯ ಖಾತ್ರಿ ಕೊಟ್ಟಿದ್ದ ಪೋರ್ಚುಗೀಸ್ ಬೊಕ್ಕಸಕ್ಕೆ ಅದು ಹೊರೆಯಾಯಿತು. 1892ರಲ್ಲಿ ಅವಧಿ ಮುಗಿದಾಗ ಒಪ್ಪಂದ ನವೀಕರಣವಾಗಲಿಲ್ಲ, ಗಡಿಯಲ್ಲಿ ಸುಂಕದ ಕಟ್ಟೆ ಮತ್ತೆ ಎದ್ದಿತು.

ಎಂಜಿನಿಯರಿಂಗ್ ಓದುವ ನಮಗೆ ಇಲ್ಲೊಂದು ಪಾಠ. ಹತ್ತಿರದ ದಾರಿಯೇ ಗೆಲ್ಲುತ್ತದೆ ಎಂದು ನಾವು ಲೆಕ್ಕ ಹಾಕುತ್ತೇವೆ. ವ್ಯಾಪಾರಿ ಕಿಲೋಮೀಟರ್ ಅಷ್ಟೇ ಎಣಿಸುವುದಿಲ್ಲ, ದಾರಿಯ ಕೊನೆಯಲ್ಲಿ ಯಾರು ಕೂತಿದ್ದಾರೆ ಎಂದೂ ನೋಡುತ್ತಾನೆ.

ಒಂದೇ ಹಳಿ, ನಾಲ್ಕು ಆಡಳಿತ

ಸ್ವಾತಂತ್ರ್ಯಕ್ಕೆ ಮೊದಲು ನೀವು ಮರ್ಮಗೋವಾದಲ್ಲಿ ರೈಲು ಹತ್ತಿ ಹೊಸಪೇಟೆಯಲ್ಲಿ ಇಳಿದರೆ ನಾಲ್ಕು ಆಡಳಿತ ದಾಟಿದಂತೆ. ಗೋವಾ ಪೋರ್ಚುಗೀಸರದು. ಹುಬ್ಬಳ್ಳಿ, ಗದಗ ಮುಂಬೈ ಪ್ರಾಂತ್ಯ. ಕೊಪ್ಪಳ ಹೈದರಾಬಾದ್ ನಿಜಾಮರ ಸೀಮೆ. ಹೊಸಪೇಟೆ ಮದ್ರಾಸ್ ಪ್ರಾಂತ್ಯ. ಗದಗಿನಿಂದ ದಕ್ಷಿಣಕ್ಕೆ ಚಕ್ಕಡಿಯಲ್ಲಿ ಹೊರಟರೂ ಅಷ್ಟೇ: ಶಿರಹಟ್ಟಿ ಸಾಂಗ್ಲಿ ಸಂಸ್ಥಾನಕ್ಕೆ, ಲಕ್ಷ್ಮೇಶ್ವರ ಮಿರಜ್ ಸಂಸ್ಥಾನಕ್ಕೆ ಸೇರಿತ್ತು. ಎಲ್ಲ ಕಡೆ ಮಾತು ಕನ್ನಡವೇ, ನಾಕಾ ಮಾತ್ರ ಬೇರೆ ಬೇರೆ.

ನಕ್ಷೆಯಲ್ಲಿ ಇದನ್ನು ನೋಡುತ್ತಿದ್ದಾಗ ನನಗೆ ಮೈ ಜುಮ್ಮೆಂದ ಜಾಗ ಒಂದಿದೆ. ನಿಜಾಮರ ಹೈದರಾಬಾದಿಗೆ ಸಮುದ್ರವೇ ಇರಲಿಲ್ಲ, ಸುತ್ತಲೂ ಭಾರತ. 1947–48ರಲ್ಲಿ ಸ್ವತಂತ್ರವಾಗಿ ಉಳಿಯಬೇಕೆಂದುಕೊಂಡ ಹೈದರಾಬಾದಿಗೆ ಬೇಕಾಗಿದ್ದು ಒಂದು ಬಂದರು. ಗೋವಾದಲ್ಲಿ ಬಂದರಿನ ಸೌಲಭ್ಯ ಪಡೆಯಲು ಪೋರ್ಚುಗೀಸರ ಜೊತೆ ಮಾತುಕತೆಯ ಪ್ರಯತ್ನಗಳು ನಡೆದವು. ಈಗ ನಕ್ಷೆಯ ಮೇಲೆ ಬೆರಳಿಡಿ. ನಿಜಾಮರ ಕೊಪ್ಪಳಕ್ಕೂ ಪೋರ್ಚುಗೀಸರ ಗೋವಾಕ್ಕೂ ನಡುವೆ ಇರುವ ನೇರ ಹಳಿ ಯಾವುದು? ಗದಗ, ಹುಬ್ಬಳ್ಳಿ, ಧಾರವಾಡ, ಲೋಂಡಾ. ಮರ್ಮಗೋವಾ ಅವರ ಕೈಗೆ ಬಂದಿದ್ದರೂ ಮಾಲು ನಮ್ಮೂರನ್ನು ದಾಟದೆ ಹೋಗುವಂತಿರಲಿಲ್ಲ. ನಮ್ಮೂರೋ ಭಾರತದ ನೆಲ.

1948ರಲ್ಲಿ ಭಾರತ ಹೈದರಾಬಾದಿಗೆ ಆರ್ಥಿಕ ದಿಗ್ಬಂಧನ ಹಾಕಿತು. ರಜಾಕಾರರ ಹಾವಳಿಗೆ ಬೆದರಿ ನಿಜಾಮ ಸೀಮೆಯ ಜನ ಗಡಿ ದಾಟಿ ಈಚೆ ಬಂದರು. ಮುಂಡರಗಿ, ಗಜೇಂದ್ರಗಡದಂಥ ಗಡಿ ಊರುಗಳಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. ಆ ವರ್ಷದ ಸೆಪ್ಟೆಂಬರ್ 13ರಂದು ಸೇನೆ ಒಳನುಗ್ಗಿತು, 17ರಂದು ಎಲ್ಲ ಮುಗಿಯಿತು.

ಏಳು ವರ್ಷ ಕಳೆದು ಅದೇ ಹಳಿಯ ಇನ್ನೊಂದು ತುದಿಯ ಸರದಿ. 1955ರ ಆಗಸ್ಟ್ 15ರಂದು ಗೋವಾ ಪ್ರವೇಶಿಸಿದ ಸತ್ಯಾಗ್ರಹಿಗಳ ಮೇಲೆ ಪೋರ್ಚುಗೀಸರು ಗುಂಡು ಹಾರಿಸಿದರು. ಭಾರತ ಗಡಿ ಮುಚ್ಚಿತು, ರೈಲು ನಿಂತಿತು. ಪೋರ್ಚುಗೀಸರು ಬಗ್ಗಲಿಲ್ಲ. ಅವರ ಬಳಿ ಸಮುದ್ರ ಇತ್ತು, ಜಪಾನಿಗೆ ಮಾರಲು ಗೋವಾದ್ದೇ ಕಬ್ಬಿಣದ ಅದಿರು ಇತ್ತು. 1961ರ ಡಿಸೆಂಬರ್‌ನಲ್ಲಿ ಸೇನೆಯೇ ಹೋಗಬೇಕಾಯಿತು.

ಒಂದೇ ಹಳಿಯ ಎರಡು ತುದಿ, ಎರಡು ದಿಗ್ಬಂಧನ. ಸಮುದ್ರವಿಲ್ಲದವನು ಬೇಗ ಸೋತ, ಸಮುದ್ರವಿದ್ದವನು ಆರು ವರ್ಷ ತಡೆದ. ಇಂದು ಪತ್ರಿಕೆಯಲ್ಲಿ ಓದುವ ಸುದ್ದಿಯೂ ಇದೇ ಅಲ್ಲವೇ? ಪಾಕಿಸ್ತಾನ ದಾಟದೆ ಅಫ್ಗಾನಿಸ್ತಾನ ತಲುಪಲು ಭಾರತ ಇರಾನಿನ ಚಾಬಹಾರ್ ಬಂದರು ಹಿಡಿಯಿತು. ಹತ್ತಿರದಲ್ಲೇ ಪಾಕಿಸ್ತಾನದ ಗ್ವಾದರ್‌ನಲ್ಲಿ ಚೀನಾ ದುಡ್ಡು ಹಾಕಿತು. ಶ್ರೀಲಂಕಾದ ಹಂಬನತೋಟ ಬಂದರು 2017ರಲ್ಲಿ 99 ವರ್ಷಗಳ ಗುತ್ತಿಗೆಗೆ ಚೀನೀ ಕಂಪನಿಯ ಕೈ ಸೇರಿತು. 2015ರಲ್ಲಿ ಗಡಿಯಲ್ಲಿ ಲಾರಿಗಳು ನಿಂತಾಗ ನೇಪಾಳದಲ್ಲಿ ಗ್ಯಾಸ್, ಪೆಟ್ರೋಲ್ ಸಿಗದಾಯಿತು. ಗ್ರೂಪ್ ಡಿಸ್ಕಷನ್‌ನಲ್ಲಿ ಇವನ್ನು ಹೇಳಿ ಅಂಕ ಗಿಟ್ಟಿಸುವ ನಾವು, ಇದೇ ಆಟ ನಮ್ಮೂರ ಪ್ಲಾಟ್‌ಫಾರ್ಮಿನ ಮುಂದೆ ನಡೆದಿತ್ತು ಎಂಬುದನ್ನು ಮರೆತಿದ್ದೇವೆ.

ಕೆಂಪು ಲಾರಿಗಳ ಕಾಲ

ಇನ್ನು ನಮ್ಮ ಮನೆಯ ಕಥೆ. 2000ದ ದಶಕದಲ್ಲಿ ಚೀನಾ ಉಕ್ಕಿಗಾಗಿ ಹಸಿದಿತ್ತು. ಸಂಡೂರು, ಬಳ್ಳಾರಿಯ ಅದಿರು ಹಗಲು ರಾತ್ರಿ ಬಂದರುಗಳತ್ತ ಹರಿಯಿತು. ಗದಗ ದಾಟಿ, ಹುಬ್ಬಳ್ಳಿ ದಾಟಿ, ಅರಬೈಲ್ ಘಟ್ಟ ಇಳಿದು ಬೇಲೆಕೇರಿ, ಕಾರವಾರಕ್ಕೆ ಲಾರಿಗಳ ಸಾಲು. ಮ್ಯಾಂಚೆಸ್ಟರ್ ಹೋಗಿ ಚೀನಾ ಬಂದಿತ್ತು, ಹತ್ತಿ ಹೋಗಿ ಅದಿರು ಬಂದಿತ್ತು. ಸುಮಾರು ನೂರೈವತ್ತು ವರ್ಷದ ಹಿಂದಿನ ಘಟ್ಟದ ದಾರಿ ಮಾತ್ರ ಅದೇ.

ಕಾಕಾ ಮೊದಲು ಒಂದು ಲಾರಿ ತೆಗೆದುಕೊಂಡರು, ಆಮೇಲೆ ಸಾಲ ಮಾಡಿ ಇನ್ನೊಂದು. ನನಗಾಗ ನಾಲ್ಕೈದು ವರ್ಷ. ಓಣಿಯ ಬಾಯಲ್ಲಿ ನಿಂತ ಲಾರಿಯ ಟೈರಿಗೆ ಕೈ ಒತ್ತಿ, ಗೋಡೆಯ ಮೇಲೆ ಕೆಂಪು ಬೆರಳು ಮೂಡಿಸುತ್ತಿದ್ದೆ. ಅವ್ವ ಬಯ್ಯುತ್ತಿದ್ದಳು, ಕಾಕಾ ನಗುತ್ತಿದ್ದರು. ಆ ವರ್ಷ ಮನೆಗೆ ಫ್ರಿಜ್ ಬಂತು, ಕಾಕಾನ ಮದುವೆಯೂ ಆಯಿತು.

2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತಿಗೆ ತಡೆ ಹಾಕಿತು. ಬೇಲೆಕೇರಿಯಲ್ಲಿ ಜಪ್ತಿ ಮಾಡಿಟ್ಟಿದ್ದ ಲಕ್ಷಗಟ್ಟಲೆ ಟನ್ ಅದಿರೇ ಮಾಯವಾಗಿದ್ದ ಸುದ್ದಿ ಆ ವರ್ಷದ್ದೇ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಕಾಡು, ಗುಡ್ಡ, ಸರ್ಕಾರದ ಬೊಕ್ಕಸ ಎಲ್ಲ ಲೂಟಿಯಾಗುತ್ತಿದ್ದಾಗ ನಿಲ್ಲಿಸಿದ್ದು ಸರಿ. ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಗಣಿ ಯಾರದೋ, ಬಂದರು ಯಾರದೋ. ಕಂತು ಕಟ್ಟಬೇಕಾದವರು ಕಾಕಾ. ಒಂದು ಲಾರಿಯನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋದರು, ಇನ್ನೊಂದನ್ನು ಸಿಕ್ಕಷ್ಟಕ್ಕೆ ಮಾರಿದರು. ಕಾಕೂನ ಬಂಗಾರ ಹೋಯಿತು. ಮಾಲೀಕರಾಗಿದ್ದವರು ಮತ್ತೆ ಡ್ರೈವರ್ ಆದರು.

ಮೊನ್ನೆ ಈ ಲೇಖನ ಬರೆಯುತ್ತೇನೆ ಎಂದಾಗ ಅವರು ಹೇಳಿದ್ದು ಇಷ್ಟೇ: "ಬರಿಯವಾ. ಲಾರಿ ನಂದಿತ್ತು, ಸಾಲಾನೂ ನಂದಿತ್ತು. ದಾರಿ ಒಂದು ನಂದಿರಲಿಲ್ಲ. ಅದು ಗೊತ್ತಾಗೂದ್ರಾಗ ತಡಾ ಆಗಿತ್ತು."

"ನಿಮಗೆ ನೀರೂ ಬೇಕು, ದಾರಿಯೂ ಬೇಕು"

ಈಗ ಸರಕು ದಿಕ್ಕು ಬದಲಿಸಿದೆ. ಹತ್ತಿ, ಅದಿರು ಘಟ್ಟ ಇಳಿಯುತ್ತಿದ್ದವು. ಕಲ್ಲಿದ್ದಲು ಘಟ್ಟ ಏರುತ್ತಿದೆ. ಕುಳೆಂನಿಂದ ಕ್ಯಾಸಲ್‌ರಾಕ್‌ಗೆ ಏರುವ ಹಳಿಯ ಇಳಿಜಾರು 37ಕ್ಕೆ 1. ಅಂದರೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ರಸ್ತೆಗೆ ಇದು ಏನೂ ಅಲ್ಲ, ರೈಲಿಗೆ ಕಡಿದಾದ ಏರು. ತುಂಬಿದ ಗಾಡಿಗೆ ಹಿಂದಿನಿಂದ ಎಂಜಿನ್ ಹಚ್ಚಿ ನೂಕಬೇಕು. ಹೊರಹೋಗುವ ಹತ್ತಿಗೆ ಇಳಿಜಾರು ನೆರವಾಗಿತ್ತು. ಒಳಬರುವ ಕಲ್ಲಿದ್ದಲಿಗೆ ಅದೇ ಅಡ್ಡಿ.

ಅದಕ್ಕೇ ಹೊಸಪೇಟೆಯಿಂದ ವಾಸ್ಕೋವರೆಗೆ ಜೋಡಿ ಹಳಿಯ ಯೋಜನೆ. ನಮ್ಮ ಗದಗ-ಹುಬ್ಬಳ್ಳಿ ನಡುವೆ ಎರಡನೇ ಹಳಿ ಬಂತು, ನಾವು ಖುಷಿಪಟ್ಟೆವು. ಘಟ್ಟದಲ್ಲಿ ಮಾತ್ರ ಕಥೆ ಬೇರೆಯಾಯಿತು. ಭಗವಾನ್ ಮಹಾವೀರ ಅಭಯಾರಣ್ಯ, ಮೊಲ್ಲೆಂ ರಾಷ್ಟ್ರೀಯ ಉದ್ಯಾನದ ಕಾಡು ಅಲ್ಲಿದೆ. 2020ರ ನವೆಂಬರ್ ಮೊದಲ ದಿನದ ರಾತ್ರಿ ಚಾಂದೋರ್‌ನಲ್ಲಿ ಗೋವಾದ ಜನ ಹಳಿಯ ಮೇಲೆ ಬಂದು ನಿಂತರು. ಗೋವಾಕ್ಕೆ ಕಲ್ಲಿದ್ದಲು ಬೇಡ ಎಂಬುದು ಅವರ ಕೂಗು. 2022ರ ಮೇನಲ್ಲಿ ಸುಪ್ರೀಂ ಕೋರ್ಟ್ ಕ್ಯಾಸಲ್‌ರಾಕ್-ಕುಳೆಂ ನಡುವಿನ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು ರದ್ದು ಮಾಡಿತು. ನನ್ನ ಗೆಳತಿಯ ತಾಯಿ ಆ ರಾತ್ರಿ ಚಾಂದೋರ್‌ನಲ್ಲಿ ಇದ್ದರಂತೆ.

ಹಾಗಾದರೆ ನಮ್ಮದೇ ರಾಜ್ಯದ ಬಂದರಿಗೆ ಹೋಗೋಣ ಎನ್ನುತ್ತೀರಾ? 1990ರ ದಶಕದ ಕೊನೆಯಲ್ಲಿ ಹುಬ್ಬಳ್ಳಿ-ಅಂಕೋಲಾ ಮಾರ್ಗಕ್ಕೆ ಅಡಿಗಲ್ಲು ಬಿತ್ತು. ಅಲ್ಲಿಯೂ ದಾರಿಗೆ ಅಡ್ಡ ಇರುವುದು ಪಶ್ಚಿಮ ಘಟ್ಟದ ದಟ್ಟ ಕಾಡು. ವಿವಾದ ಕೋರ್ಟು, ಮಂಡಳಿಗಳ ನಡುವೆ ಓಡಾಡುತ್ತಲೇ ಇದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕಾರವಾರಕ್ಕೆ ತಪ್ಪಿದ ರೈಲು ಇನ್ನೂ ದಾರಿಯಲ್ಲೇ ಇದೆ ಅನ್ನಬಹುದು. ಇತ್ತ ಕಾರವಾರದ ಆಳ ಕೊಲ್ಲಿಯ ಬೆಲೆ ನೌಕಾಪಡೆಗೆ ತಿಳಿಯಿತು. 'ಸೀಬರ್ಡ್' ಯೋಜನೆಯ ನೌಕಾನೆಲೆ ಐಎನ್‌ಎಸ್ ಕದಂಬ 2005ರಲ್ಲಿ ಕಾರ್ಯಾರಂಭ ಮಾಡಿತು. ಹಡಗುಗಳು ಬಂದವು, ಮೂಟೆ ಹೊರುವವು ಅಲ್ಲ ಅಷ್ಟೇ.

ಇದೇ ಘಟ್ಟದಲ್ಲಿ ಇನ್ನೊಂದು ಜಗಳವೂ ಇದೆ. ನಮ್ಮ ಜಿಲ್ಲೆಯ ನರಗುಂದದಲ್ಲಿ 2015ರಿಂದ ರೈತರು ಮಹದಾಯಿ ನೀರಿಗಾಗಿ ಹೋರಾಡುತ್ತಿದ್ದಾರೆ. ನಮಗೆ ಅದು ಕುಡಿಯುವ ನೀರಿನ ಪ್ರಶ್ನೆ. ಗೋವಾದವರಿಗೆ ಅದು ಅವರ ಮಾಂಡೋವಿ ನದಿಯ ಪ್ರಶ್ನೆ. ಫೋನಿನಲ್ಲಿ ಒಮ್ಮೆ ಮಾತು ಬೆಳೆದು ಗೆಳತಿ ಅಂದಳು: "ನಿಮಗೆ ನಮ್ಮ ನೀರೂ ಬೇಕು, ನಮ್ಮ ದಾರಿಯೂ ಬೇಕು." ನಾನೂ ಬಿಡಲಿಲ್ಲ. "ನಮ್ಮ ಘಟ್ಟದ ಮೇಲಿನಿಂದ ಹೋಗುವ ಹಾಲು, ತರಕಾರಿ ನಿಮಗೆ ಬೇಡವೇನು?" ಎಂದೆ. ಎರಡು ವಾರ ಇಬ್ಬರೂ ಮಾತಾಡಲಿಲ್ಲ.

ಆ ಎರಡು ವಾರದಲ್ಲಿ ನನಗೆ ಅನ್ನಿಸಿದ್ದು: ನಾವಿಬ್ಬರೂ ಆಡಿದ್ದು ನಮ್ಮ ಮಾತಲ್ಲ. ಯಾವುದೋ ಸಭೆಯ ಭಾಷಣ, ಯಾವುದೋ ಟಿ.ವಿ. ಚರ್ಚೆ ನಮ್ಮ ಬಾಯಿಂದ ಬಂದಿತ್ತು. ಅವಳ ತಾಯಿಯ ಒದ್ದೆ ಬಟ್ಟೆ ಆ ಮಾತಿನಲ್ಲಿ ಇರಲಿಲ್ಲ, ನಮ್ಮ ಕಾಕಾನ ಕಂತಿನ ಪುಸ್ತಕವೂ ಇರಲಿಲ್ಲ.

ಗೆಳತಿ ಬಂದಳು

ಮುನಿಸು ಮುರಿದವಳು ಅವಳೇ. ಈ ಬೇಸಿಗೆ ರಜೆಯಲ್ಲಿ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಗದಗಿಗೆ ಬಂದಿಳಿದಳು. ಸುಮಾರು 250 ಕಿಲೋಮೀಟರ್, ಮೊದಲ ಸಲ ಅವಳು ತನ್ನ ಹಿತ್ತಲ ಹಳಿಯ ಈಚೆ ತುದಿ ನೋಡಿದ್ದು. ಲಕ್ಕುಂಡಿಯ ಗುಡಿ, ಬಾವಿಗಳನ್ನು ತೋರಿಸಿದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ಟಂಕಸಾಲೆ ಇತ್ತು, ಲೊಕ್ಕಿಗುಂಡಿಯ ಚಿನ್ನದ ನಾಣ್ಯ ದೂರದೂರ ಓಡಾಡುತ್ತಿತ್ತು ಎಂದೆ. "ಈಗ ಹಳ್ಳಿ!" ಎಂದು ಅವಳು ಬೆರಗಾದಳು. ದಾರಿ ಬಿಟ್ಟುಹೋದ ಊರು ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಲಿಲ್ಲ.

ಸಂಜೆ ಗಿರ್ಮಿಟ್, ಮಿರ್ಚಿ ತಿನ್ನುತ್ತ ಕೂತಾಗ ಕಾಕಾ ಬಂದರು. ಅವಳು ಕಟಾಂಜನದ ಕಪ್ಪಿನ ವಿಷಯ ಹೇಳಿದಳು. ನಾನು ಅನುವಾದಿಸಿದೆ. ಕಾಕಾ ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಡಬ್ಬಿ ಮ್ಯಾಲೆ ತಾಡಪತ್ರಿ ಸರಿಯಾಗಿ ಹಾಕೂದಿಲ್ಲೇನು? ಅದಿರು ಲಾರಿಗೂ ನಾವು ಹಾಕ್ತಿದ್ದಿಲ್ಲ. ಇಲ್ಲಿ ಮಂದಿ ಬೈತಿದ್ರು. ನಮಗ ಟ್ರಿಪ್ಪಿಂದ ಅವಸರ." ಆಮೇಲೆ ಅವಳ ತಟ್ಟೆಗೆ ಇನ್ನೊಂದು ಮಿರ್ಚಿ ಹಾಕಿದರು. ಅವಳು ಕಾಕಾನ ಲಾರಿಗಳ ಕಥೆ ಕೇಳಿದಳು. ಯಾರೂ ಯಾರ ಮನಸ್ಸನ್ನೂ ಬದಲಿಸಲಿಲ್ಲ. ಆದರೆ ಆ ರಾತ್ರಿ 'ನೀವು', 'ನಾವು' ಎಂಬ ಮಾತು ಕಡಿಮೆಯಾದದ್ದು ನಿಜ.

ನನ್ನ ಬಳಿ ಈ ಜಗಳಕ್ಕೆ ತೀರ್ಪಿಲ್ಲ. ಕುಲುಮೆ ಆರಿದರೆ ಕಾಕಾ ಮತ್ತೆ ಬೀದಿಗೆ ಬೀಳುತ್ತಾರೆ, ಕಾಡು ಕಡಿದರೆ ಘಟ್ಟದ ಎರಡೂ ಕಡೆಯ ಹೊಳೆಗಳು ಒಣಗುತ್ತವೆ. ಎರಡೂ ಸತ್ಯ. ಆದರೆ ಒಂದು ಮಾತು ನನಗೆ ಸ್ಪಷ್ಟವಾಗಿದೆ. ಹತ್ತಿ, ಅದಿರು, ಕಲ್ಲಿದ್ದಲು ಮೂರೂ ನಮ್ಮೂರನ್ನು ಹಾದು ಹೋದವು. ಎಲ್ಲಿಂದ ಎಲ್ಲಿಗೆ, ಎಷ್ಟು ದಿನ ಎಂದು ನಿರ್ಧರಿಸಿದವರು ಮ್ಯಾಂಚೆಸ್ಟರ್, ಲಿಸ್ಬನ್, ಮುಂಬೈ, ಬೀಜಿಂಗ್‌ಗಳಲ್ಲಿ ಕೂತಿದ್ದರು. ಹಾದಿಬದಿಯ ನಾವು ಮಾತ್ರ ಪರಸ್ಪರ ಜಗಳವಾಡುತ್ತ ಬಂದಿದ್ದೇವೆ.

ಇನ್ನು ಎರಡು ವರ್ಷಕ್ಕೆ ನಾನು ಸಿವಿಲ್ ಎಂಜಿನಿಯರ್. ಬಹುಶಃ ಯಾವುದೋ ರಸ್ತೆಯದೋ ಹಳಿಯದೋ ಕೆಲಸವೇ ಸಿಗಬಹುದು. ಲಕ್ಷ್ಮೇಶ್ವರದವರು ದಶಕಗಳಿಂದ ಕೇಳುತ್ತಿರುವ ಗದಗ-ಯಲವಿಗಿ ಮಾರ್ಗ ಇದೆ, ಕಟ್ಟುತ್ತಿರುವ ಗದಗ-ವಾಡಿ ಮಾರ್ಗ ಇದೆ. ಗೆರೆ ಎಳೆಯುವ ಮೇಜಿನ ಬಳಿ ಕೂರುವ ಅವಕಾಶ ಬಂದರೆ ಇಳಿಜಾರು, ಮಣ್ಣಿನ ಗುಣ, ಖರ್ಚು ಎಲ್ಲ ಲೆಕ್ಕ ಹಾಕಿದ ಮೇಲೆ ಎರಡು ಪ್ರಶ್ನೆ ಕೇಳಬೇಕೆಂದಿದ್ದೇನೆ. ಈ ಗೆರೆಯ ಪಕ್ಕದ ಮನೆಯವರ ಕಟಾಂಜನ ಸಂಜೆಗೆ ಯಾವ ಬಣ್ಣ ಇರುತ್ತದೆ? ಈ ದಾರಿ ನಂಬಿ ಸಾಲ ಮಾಡಿದವನಿಗೆ, ದಾರಿ ನಿಂತ ದಿನ ಏನು ಗತಿ?

ನೀವೂ ಒಮ್ಮೆ ನಿಮ್ಮೂರ ಹೆದ್ದಾರಿಯ ಬದಿಗೆ, ನಿಲ್ದಾಣದ ಬೆಂಚಿಗೆ ಹೋಗಿ ಕೂತು ನೋಡಿ. ಹೋಗುವ ಗಾಡಿಯಲ್ಲಿ ಏನಿದೆ, ಬರುವ ಗಾಡಿಯಲ್ಲಿ ಏನಿದೆ ಎಂದು ಕೇಳಿ. ಯಾವ ಕೋಚಿಂಗ್‌ನಲ್ಲೂ ಸಿಗದ ಪಾಠ ಅಲ್ಲಿ ಸಿಗುತ್ತದೆ.

ನಾಳೆ ಬೆಳಿಗ್ಗೆ ಮತ್ತೆ ಅದೇ ರೈಲು. ಅಣ್ಣಿಗೇರಿಯ ಬಳಿ ಎಲ್ಲೋ ಅದೇ ಗೂಡ್ಸ್ ಗಾಡಿ ಎದುರಾಗುತ್ತದೆ. ಈಗ ನಾನು ಡಬ್ಬಿ ಎಣಿಸುವುದಿಲ್ಲ. ತಾಡಪತ್ರಿ ಇದೆಯೋ ಇಲ್ಲವೋ ನೋಡುತ್ತೇನೆ, ಗೆಳತಿಗೆ ಮೆಸೇಜ್ ಹಾಕುತ್ತೇನೆ.